ಶಿಲೆಗೂ ಉಸಿರುಂಟು: ಮುಂಬಯಿಯ ಫ್ಲೋರಾ ಕಾರಂಜಿಯ ಸಂರಕ್ಷಣೆ

ಮುಂಬಯಿಯ ಕೋಟೆ ಪ್ರದೇಶದಲ್ಲಿ ಬದುಕು ಕಟ್ಟಿಕೊಂಡ ಕನ್ನಡಿಗರಿಗೆ ‘ಫೌಂಟನ್’ ಎಂಬ ಹೆಸರು ಅಪರಿಚಿತವಲ್ಲ. ಹಗಲು ಹೋಟೆಲುಗಳಲ್ಲಿ ದುಡಿದು ಇರುಳು ಶಾಲೆಗಳಲ್ಲಿ ಓದಿದ ಹಿರಿಯರಿಗೂ, ಬ್ಯಾಂಕು ವಿಮಾ ಕಚೇರಿಗಳಲ್ಲಿ ನೌಕರಿ ಮಾಡಿದ ಮುಂದಿನ ತಲೆಮಾರಿಗೂ ಅದು ಬಸ್ಸು ಹಿಡಿಯುವ ತಾಣ, ಗೆಳೆಯರು ಕೂಡುವ ಗುರುತು, ಪುಟ್‌ಪಾತಿನ ಹಳೆಯ ಪುಸ್ತಕಗಳ ನೆನಪು. ಆದರೆ ಆ ಹೆಸರಿಗೆ ಕಾರಣವಾದ ಶಿಲಾಕೃತಿಯನ್ನು ತಲೆಯೆತ್ತಿ ನೋಡಿದವರು ಎಷ್ಟು ಮಂದಿ? ಸುತ್ತಲಿನ ವಾಹನಗಳ ಸಂದಣಿಯ ನಡುವೆ, ಬಿಳಿಯ ಎಣ್ಣೆಬಣ್ಣದ ಪದರಗಳ ಅಡಿಯಲ್ಲಿ, ನೀರಿಲ್ಲದೆ ನಿಂತಿದ್ದ ಆ ಕಾರಂಜಿ ಬಹುಕಾಲ ಕೇವಲ ಒಂದು ವಿಳಾಸವಾಗಿ ಉಳಿದಿತ್ತು.

2016ರಲ್ಲಿ ಆರಂಭವಾಗಿ 2019ರ ಜನವರಿಯಲ್ಲಿ ಪೂರ್ಣಗೊಂಡ ಸಂರಕ್ಷಣಾ ಕಾರ್ಯವು ಅದನ್ನು ಮತ್ತೆ ಕಾರಂಜಿಯನ್ನಾಗಿ ಮಾಡಿತು. ಈ ಕಾರ್ಯದಲ್ಲಿ ಒಂದು ಪಾಠವಿದೆ. ಹಳೆಯ ಕಲ್ಲಿಗೆ ಹಾನಿಯಾಗುವುದು ಮಳೆ ಗಾಳಿ ಹೊಗೆಗಳಿಂದ ಮಾತ್ರವಲ್ಲ. ಅದನ್ನು ಕಾಪಾಡಬೇಕೆಂಬ ಸದುದ್ದೇಶದಿಂದ ನಾವು ಬಳಿಯುವ ಬಣ್ಣದಿಂದ, ಮೆತ್ತುವ ಸಿಮೆಂಟಿನಿಂದ ಕೂಡ ಹಾನಿಯಾಗುತ್ತದೆ. ಆದುದರಿಂದ ಜೀರ್ಣೋದ್ಧಾರದಲ್ಲಿ ಹೊಸತನ್ನು ಸೇರಿಸುವುದಕ್ಕಿಂತ, ಸೇರಬಾರದುದನ್ನು ತೆಗೆಯುವ ಕೆಲಸವೇ ಹೆಚ್ಚು. ಊರಿನ ದೇಗುಲಗಳ ಜೀರ್ಣೋದ್ಧಾರಕ್ಕೆ ಕೈಲಾದ ನೆರವು ನೀಡುತ್ತ ಬಂದಿರುವ ಹೊರನಾಡ ಕನ್ನಡಿಗರು ಈ ಪಾಠವನ್ನು ಅರಿತುಕೊಳ್ಳುವುದು ಉಚಿತವೆನಿಸಿ, ಕಾರಂಜಿಯ ಹುಟ್ಟು, ಅದಕ್ಕೆ ತಗಲಿದ ವ್ಯಾಧಿ ಹಾಗೂ ಚಿಕಿತ್ಸೆಯ ವಿವರಗಳನ್ನು ಇಲ್ಲಿ ಸಂಗ್ರಹಿಸಲಾಗಿದೆ.

ಕಾರಂಜಿಯ ಹುಟ್ಟು

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದವರೆಗೆ ಬೊಂಬಾಯಿ ನಗರವು ಕೋಟೆಗೋಡೆಗಳ ಒಳಗಿತ್ತು. ಅಪೋಲೋ ಗೇಟ್, ಚರ್ಚ್ ಗೇಟ್ ಮತ್ತು ಬಜಾರ್ ಗೇಟ್ ಎಂಬ ಮೂರು ಮಹಾದ್ವಾರಗಳು ಅದಕ್ಕಿದ್ದವು. ಸೇಂಟ್ ಥಾಮಸ್ ಇಗರ್ಜಿಯ ಕಡೆಗೆ ಸಾಗುವ ದ್ವಾರವಾದುದರಿಂದ ಒಂದಕ್ಕೆ ಚರ್ಚ್ ಗೇಟ್ ಎಂಬ ಹೆಸರು ಬಂತು. ದ್ವಾರ ಅಳಿದರೂ ಹೆಸರು ಇಂದಿಗೂ ರೈಲು ನಿಲ್ದಾಣದಲ್ಲಿ ಉಳಿದಿದೆ. 1862ರಿಂದ 1867ರವರೆಗೆ ಗವರ್ನರ್ ಆಗಿದ್ದ ಸರ್ ಬಾರ್ಟಲ್ ಫ್ರೀರ್ ಅವರ ಕಾಲದಲ್ಲಿ ನಗರದ ವಿಸ್ತರಣೆಗಾಗಿ ಕೋಟೆಗೋಡೆಗಳನ್ನು ಕೆಡವಲಾಯಿತು. ಚರ್ಚ್ ಗೇಟ್ ನಿಂತಿದ್ದ ಸ್ಥಳದಲ್ಲಿಯೇ ಇಂದಿನ ಕಾರಂಜಿ ತಲೆಯೆತ್ತಿತು.

ಈ ಕಾರಂಜಿಯನ್ನು ಕಟ್ಟಿಸಲು ಮುಂದಾದುದು ಪಶ್ಚಿಮ ಭಾರತದ ಕೃಷಿ ಮತ್ತು ತೋಟಗಾರಿಕಾ ಸಂಘ. ಬೈಕಲಾದ ವಿಕ್ಟೋರಿಯಾ ಉದ್ಯಾನದಲ್ಲಿ, ಅಂದರೆ ಇಂದಿನ ರಾಣಿಬಾಗಿನಲ್ಲಿ, ಅದನ್ನು ಸ್ಥಾಪಿಸಬೇಕೆಂಬುದು ಮೊದಲಿನ ಸಂಕಲ್ಪವಾಗಿತ್ತು. ಹೂವುಗಳ ಅಧಿದೇವತೆಯಾದ ರೋಮನ್ ದೇವಿ ಫ್ಲೋರಾಳ ಮೂರ್ತಿ ಶಿಖರದಲ್ಲಿ ಏಕಿದೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿಯೇ ದೊರೆಯುತ್ತದೆ. ತೋಟಕ್ಕೆಂದು ಕಡೆದ ದೇವಿ ರಾಜಬೀದಿಯಲ್ಲಿ ನೆಲೆಸಿದಳು. ಗವರ್ನರರ ಗೌರವಾರ್ಥ ‘ಫ್ರೀರ್ ಕಾರಂಜಿ’ ಎಂದು ಕರೆಯುವ ಆಲೋಚನೆಯಿದ್ದರೂ ಜನರ ಬಾಯಲ್ಲಿ ನಿಂತದ್ದು ದೇವಿಯ ಹೆಸರೇ.

ನಿರ್ಮಾಣದ ವರ್ಷವೆಂದು ಸಾಮಾನ್ಯವಾಗಿ 1864ನ್ನು ಹೇಳುವುದುಂಟು. ಒಟ್ಟು ವೆಚ್ಚ ರೂ. 47,000. ಅದರಲ್ಲಿ ರೂ. 20,000ವನ್ನು ಕರ್ಸೆಟ್‌ಜಿ ಫರ್ದೂನ್‌ಜಿ ಪಾರೇಖ್ ಎಂಬ ಪಾರ್ಸಿ ದಾನಿ ಕೊಟ್ಟರು. ವಿನ್ಯಾಸ ರಿಚರ್ಡ್ ನಾರ್ಮನ್ ಶಾ ಅವರದು. ಮುಂದೆ ಲಂಡನ್ನಿನ ಪೊಲೀಸ್ ಪ್ರಧಾನ ಕಚೇರಿಯಾದ ನ್ಯೂ ಸ್ಕಾಟ್‌ಲೆಂಡ್ ಯಾರ್ಡಿನ ವಾಸ್ತುಶಿಲ್ಪಿಯೆಂದು ಪ್ರಖ್ಯಾತರಾದವರು ಇವರೇ. ಕಡೆದ ಶಿಲ್ಪಿ ಜೇಮ್ಸ್ ಫೋರ್ಸೈತ್. ಇಂಗ್ಲೆಂಡಿನ ವೂಸ್ಟರ್‌ಶೈರಿನಲ್ಲಿರುವ ವಿಟ್ಲೀ ಕೋರ್ಟ್ ಅರಮನೆಯ ಪರ್ಸಿಯಸ್ ಮತ್ತು ಆಂಡ್ರೊಮಿಡಾ ಕಾರಂಜಿಯೂ ಇವರದೇ ಕೃತಿ. 1937ರಲ್ಲಿ ಆ ಅರಮನೆ ಬೆಂಕಿಗೆ ಆಹುತಿಯಾಗಿ ಇಂದು ಬರಿಯ ಗೋಡೆಗಳಾಗಿ ನಿಂತಿದೆ. ಆದರೆ ಅಂಗಳದ ಕಾರಂಜಿಯನ್ನು ದುರಸ್ತಿಗೊಳಿಸಿ ಮತ್ತೆ ಚಿಮ್ಮುವಂತೆ ಮಾಡಲಾಗಿದೆ. ಒಬ್ಬನೇ ಶಿಲ್ಪಿಯ ಎರಡು ಕಾರಂಜಿಗಳು ಎರಡು ಖಂಡಗಳಲ್ಲಿ ಬತ್ತಿ, ಮತ್ತೆ ಹರಿದದ್ದು ಗಮನಾರ್ಹ.

ಚೌಕದ ಎರಡು ಹೆಸರುಗಳು

ಕಾರಂಜಿಯು ಅಂತಸ್ತುಗಳಾಗಿ ಮೇಲೇರುವ ರಚನೆ. ಬುಡದಲ್ಲಿ ನೀರಿನ ತೊಟ್ಟಿ, ಅದರ ಮೇಲೆ ಪೀಠ, ಬಟ್ಟಲುಗಳು, ಜಲಚರಗಳೂ ಚಿಪ್ಪುಗಳೂ ಕೂಡಿದ ಅಲಂಕರಣ, ಪುರಾಣಕಲ್ಪನೆಯ ಮೂರ್ತಿಗಳು, ಎಲ್ಲಕ್ಕಿಂತ ಮೇಲೆ ಫ್ಲೋರಾ. ನೀರು ಮೇಲಿನಿಂದ ಅಂತಸ್ತು ಅಂತಸ್ತಾಗಿ ಇಳಿದು ತೊಟ್ಟಿಯನ್ನು ಸೇರಬೇಕೆಂಬುದು ಈ ರಚನೆಯ ಮರ್ಮ. ಹೀಗಾಗಿ ನೀರು ನಿಂತರೆ ಕೇವಲ ಒಂದು ಸೌಕರ್ಯ ನಿಂತಂತಲ್ಲ, ಶಿಲ್ಪದ ಅರ್ಥವೇ ಅರ್ಧ ಅಳಿದಂತೆ.

ಈ ಚೌಕಕ್ಕೆ ಇನ್ನೊಂದು ಚರಿತ್ರೆಯೂ ಉಂಟು. ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಸಂದರ್ಭದಲ್ಲಿ 1955ರ ನವೆಂಬರಿನಲ್ಲಿ ಇಲ್ಲಿ ಪ್ರದರ್ಶನಕಾರರ ಮೇಲೆ ಗುಂಡು ಹಾರಿತು. ಮಹಾರಾಷ್ಟ್ರ ರಾಜ್ಯ ಉದಯವಾದ 1960ರಲ್ಲಿ ಪ್ರಾಣತೆತ್ತವರ ನೆನಪಿಗಾಗಿ ಚೌಕಕ್ಕೆ ‘ಹುತಾತ್ಮ ಚೌಕ’ ಎಂಬ ಹೆಸರನ್ನಿಡಲಾಯಿತು. ಪಂಜು ಹಿಡಿದ ಮೂರ್ತಿಗಳ ಸ್ಮಾರಕ ಕಾರಂಜಿಯ ಪಕ್ಕದಲ್ಲಿಯೇ ನಿಂತಿತು. 2025ರ ಅಕ್ಟೋಬರಿನಲ್ಲಿ ಈ ಭಾಗದಲ್ಲಿ ಸಂಚಾರ ಆರಂಭಿಸಿದ ಭೂಗತ ಮೆಟ್ರೋ ಮಾರ್ಗದ ನಿಲ್ದಾಣವೂ ಅದೇ ಹೆಸರನ್ನು ಹೊತ್ತಿದೆ. ವಸಾಹತು ಕಾಲದ ಕಾರಂಜಿಯನ್ನು ಕೆಡವದೆ ಅದರ ಬದಿಯಲ್ಲಿ ಜನತೆಯ ಸ್ಮಾರಕವನ್ನು ನಿಲ್ಲಿಸಿದುದು ಒಂದು ವಿವೇಕವೇ ಸರಿ. ಒಂದೇ ಚೌಕ ಎರಡು ಕಾಲಗಳನ್ನು ಹೇಳುತ್ತದೆ.

ಕಲ್ಲಿನ ಗುಣ

ಚಿಕಿತ್ಸೆಗೆ ಮುನ್ನ ರೋಗಿಯ ಪ್ರಕೃತಿಯನ್ನು ಅರಿಯಬೇಕೆಂಬುದು ವೈದ್ಯರ ಮಾತು. ಕಲ್ಲಿಗೂ ಇದು ಸಲ್ಲುತ್ತದೆ. ಮುಂಬಯಿಯ ಸ್ಥಳೀಯ ಕಲ್ಲು ಕರಿಯ ಬಸಾಲ್ಟ್. ಅದು ಬಲು ಗಟ್ಟಿ. ಸೂಕ್ಷ್ಮ ಕೆತ್ತನೆಗೆ ಸುಲಭವಾಗಿ ಒಗ್ಗುವುದಲ್ಲ. ಫ್ಲೋರಾ ಕಾರಂಜಿಗೆ ಬಳಸಿದುದು ಇಂಗ್ಲೆಂಡಿನಿಂದ ಹಡಗಿನಲ್ಲಿ ತರಿಸಿದ ಪೋರ್ಟ್‌ಲೆಂಡ್ ಶಿಲೆ. ಇಂಗ್ಲೆಂಡಿನ ದಕ್ಷಿಣ ತೀರದ ಡಾರ್ಸೆಟ್ ಪ್ರಾಂತದ ಪೋರ್ಟ್‌ಲೆಂಡ್ ದ್ವೀಪದಲ್ಲಿ ಇದರ ಗಣಿಗಳಿವೆ. ಲಂಡನ್ನಿನ ಸೇಂಟ್ ಪಾಲ್ ಮಹಾ ಇಗರ್ಜಿ ಕಟ್ಟಿದುದು ಇದೇ ಕಲ್ಲಿನಿಂದ.

ಇದೊಂದು ಬಗೆಯ ಸುಣ್ಣಕಲ್ಲು. ಸುಮಾರು 15 ಕೋಟಿ ವರ್ಷಗಳಷ್ಟು ಹಿಂದೆ ಬೆಚ್ಚನೆಯ ಆಳವಿಲ್ಲದ ಕಡಲಿನ ತಳದಲ್ಲಿ, ಮೀನಿನ ಮೊಟ್ಟೆಗಳಂತಹ ಪುಟ್ಟ ಪುಟ್ಟ ಸುಣ್ಣದ ಕಣಗಳು ಒತ್ತಾಗಿ ಕೂಡಿ ಉಂಟಾದುದು. ರಾಸಾಯನಿಕವಾಗಿ ಇದರ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಹದವಾದ ಗಡಸುತನವಿರುವುದರಿಂದ ಶಿಲ್ಪಿಯ ಉಳಿಗೆ ಒಲಿಯುತ್ತದೆ, ಬೆಳ್ಳನೆಯ ಮೈಬಣ್ಣವೂ ಇದಕ್ಕೆ ಸಹಜ. ಆದರೆ ಎರಡು ಸಂಗತಿಗಳನ್ನು ಮರೆಯಲಾಗದು. ಮೊದಲನೆಯದು, ಇದು ಆಮ್ಲಕ್ಕೆ ಕರಗುವ ಕಲ್ಲು. ಎರಡನೆಯದು, ಇದು ರಂಧ್ರಮಯವಾದ ಕಲ್ಲು. ಕಣ್ಣಿಗೆ ಕಾಣದ ಸೂಕ್ಷ್ಮ ರಂಧ್ರಗಳ ಮೂಲಕ ತೇವವನ್ನು ಒಳಗೆ ಎಳೆದುಕೊಳ್ಳುತ್ತದೆ, ಬಿಸಿಲು ಬಿದ್ದಾಗ ಹೊರಗೆ ಬಿಡುತ್ತದೆ. ಸಂರಕ್ಷಕರು ‘ಕಲ್ಲಿನ ಉಸಿರಾಟ’ ಎನ್ನುವುದು ಇದನ್ನೇ. ಈ ಉಸಿರಾಟ ನಡೆಯುತ್ತಿರುವವರೆಗೆ ಕಲ್ಲು ಬಹುಮಟ್ಟಿಗೆ ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ.

ವ್ಯಾಧಿಗಳು

ಪೋರ್ಟ್‌ಲೆಂಡ್ ದ್ವೀಪದ ತಂಪು ಹವೆಯಲ್ಲಿ ಹುಟ್ಟಿದ ಕಲ್ಲು ಮುಂಬಯಿಗೆ ಬಂದಾಗ ಎದುರಿಸಬೇಕಾದ ಶತ್ರುಗಳು ಹಲವು.

ಒಂದು, ಹೊಗೆ. ಕಲ್ಲಿದ್ದಲು ಮತ್ತು ಡೀಸೆಲಿನ ಹೊಗೆಯಲ್ಲಿರುವ ಗಂಧಕದ ಡೈಆಕ್ಸೈಡ್ ತೇವದೊಡನೆ ಸೇರಿ ಆಮ್ಲವಾಗುತ್ತದೆ. ಅದು ಸುಣ್ಣಕಲ್ಲಿನ ಮೈಯನ್ನು ಜಿಪ್ಸಮ್ ಆಗಿ ಮಾರ್ಪಡಿಸುತ್ತದೆ. ಮಳೆನೀರು ನೇರವಾಗಿ ತೊಳೆಯುವ ಕಡೆ ಜಿಪ್ಸಮ್ ಕರಗಿ ಹೋಗಿ ಕೆತ್ತನೆಯ ಅಂಚುಗಳು ಸವೆಯುತ್ತವೆ. ಮಳೆ ತಾಗದ ಸಂದುಗಳಲ್ಲಿ, ಮೂರ್ತಿಯ ಗಲ್ಲದ ಕೆಳಗೆ, ಸೆರಗಿನ ನೆರಿಗೆಗಳ ಒಳಗೆ, ಅದು ಮಸಿಯನ್ನು ಹಿಡಿದಿಟ್ಟು ಕರಿಯ ಹೊಪ್ಪಳೆಯಾಗುತ್ತದೆ. ಹೊಪ್ಪಳೆ ಉದುರುವಾಗ ಅದರೊಡನೆ ಕೆತ್ತನೆಯ ಮೈಯೂ ಉದುರುತ್ತದೆ.

ಎರಡು, ಉಪ್ಪು. ಮೂರು ಕಡೆ ಕಡಲಿರುವ ನಗರದ ಗಾಳಿಯಲ್ಲಿ ಲವಣಾಂಶ ಸದಾ ಇರುತ್ತದೆ. ಕರಗಿದ ಉಪ್ಪು ತೇವದೊಡನೆ ಕಲ್ಲನ್ನು ಹೊಕ್ಕು, ನೀರು ಆವಿಯಾದಾಗ ರಂಧ್ರಗಳೊಳಗೆ ಹರಳುಗಟ್ಟುತ್ತದೆ. ಹರಳು ಬೆಳೆದಂತೆ ರಂಧ್ರದ ಗೋಡೆ ಸಿಡಿದು ಕಲ್ಲಿನ ಮೈ ಪುಡಿಪುಡಿಯಾಗುತ್ತದೆ.

ಮೂರು, ಪಾಚಿ ಮತ್ತು ಗಿಡಗಂಟಿ. ವರ್ಷಕ್ಕೆ 2,000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ, ಅದರಲ್ಲಿಯೂ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುವ ಊರು ಇದು. ಹಕ್ಕಿ ಹಾಕಿದ ಅರಳಿಯ ಒಂದು ಬೀಜ ಸಂದಿನಲ್ಲಿ ಮೊಳೆತರೆ ಸಾಕು, ಅದರ ಬೇರು ಕಲ್ಲನ್ನು ಸೀಳಬಲ್ಲದು. ನಮ್ಮ ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಾಲ್ಕು, ಕಬ್ಬಿಣ. ಕಲ್ಲಿನ ತುಂಡುಗಳನ್ನು ಒಂದಕ್ಕೊಂದು ಹಿಡಿದಿಡಲು ಆ ಕಾಲದಲ್ಲಿ ಕಬ್ಬಿಣದ ಕೊಂಡಿಗಳನ್ನು ಬಳಸುವ ರೂಢಿಯಿತ್ತು. ನೀರು ತಾಗಿ ತುಕ್ಕು ಹಿಡಿದ ಕಬ್ಬಿಣವು ಮೂಲ ಗಾತ್ರದ ಹಲವು ಪಟ್ಟು ಉಬ್ಬಿ, ಸುತ್ತಲಿನ ಕಲ್ಲನ್ನು ಒಳಗಿನಿಂದಲೇ ಬಿರಿಸುತ್ತದೆ.

ಐದು, ಕಾರಂಜಿಯ ಜೀವವೇ ಆದ ನೀರು. ಕೊಳವೆ ಸೋರಿದರೆ ಪೀಠದ ಒಳಗಿನ ಗಾರೆ ಕರಗಿ ಹೋಗುತ್ತದೆ. ಗಡಸು ನೀರು ಹರಿದಲ್ಲೆಲ್ಲ ಸುಣ್ಣದ ಕರೆ ಕಟ್ಟುತ್ತದೆ. ದೇಗುಲದ ಶಿಲ್ಪಕ್ಕೂ ಕಾರಂಜಿಯ ಶಿಲ್ಪಕ್ಕೂ ಇರುವ ಮುಖ್ಯ ವ್ಯತ್ಯಾಸ ಇದು. ಮೊದಲನೆಯದನ್ನು ನೀರಿನಿಂದ ಕಾಯಬೇಕು. ಎರಡನೆಯದನ್ನು ನೀರಿನಲ್ಲಿಟ್ಟುಕೊಂಡೇ ಕಾಯಬೇಕು.

ಬಣ್ಣವೆಂಬ ಬಂಧನ

ಈ ಐದರ ಮೇಲೆ ಮನುಷ್ಯನ ಕೈಯಿಂದ ಬಂದುದು ಆರನೆಯದು, ಎಣ್ಣೆಬಣ್ಣ. ಫ್ಲೋರಾ ಕಾರಂಜಿಗೆ ಕಲ್ಲನ್ನು ರಕ್ಷಿಸುವ ಸಲುವಾಗಿಯೇ ಬಿಳಿಯ ಎಣ್ಣೆಬಣ್ಣವನ್ನು ಬಳಿಯಲಾಗುತ್ತಿತ್ತು. ದೂರದಿಂದ ನೋಡಿದವರಿಗೆ ಕಾರಂಜಿ ಹೊಳೆಯುತ್ತಿತ್ತು, ಕೊಳೆಯೂ ಬಿರುಕೂ ಕಾಣುತ್ತಿರಲಿಲ್ಲ. ತೊಂದರೆ ಅಲ್ಲಿಯೇ ಇತ್ತು.

ಎಣ್ಣೆಬಣ್ಣವು ಕಲ್ಲಿನ ರಂಧ್ರಗಳನ್ನು ಮುಚ್ಚುತ್ತದೆ. ಆದರೆ ನೀರು ಒಳಗೆ ಬರುವುದು ಮೈಮೇಲಿನಿಂದ ಮಾತ್ರವಲ್ಲ. ಬುಡದಿಂದ ಏರುತ್ತದೆ, ಕೊಳವೆಯಿಂದ ಸೋರುತ್ತದೆ, ಸಂದುಗಳಿಂದ ಇಳಿಯುತ್ತದೆ. ಹೀಗೆ ಬಂದ ತೇವಕ್ಕೆ ಹೊರಹೋಗುವ ದಾರಿಯಿಲ್ಲದಾಗ ಅದು ಬಣ್ಣದ ಪದರದ ಹಿಂದೆಯೇ ನಿಲ್ಲುತ್ತದೆ. ಲವಣಗಳು ಅಲ್ಲಿಯೇ ಹರಳುಗಟ್ಟುತ್ತವೆ. ಕೊನೆಗೆ ಬಣ್ಣ ಉಬ್ಬಿ ಸಿಪ್ಪೆಯೇಳುವಾಗ ಕಲ್ಲಿನ ಮೇಲ್ಪದರವನ್ನೂ ಕಿತ್ತುಕೊಂಡು ಬರುತ್ತದೆ. ಆಗ ಸಿಪ್ಪೆಯನ್ನು ಮರೆಮಾಚಲು ಮತ್ತೊಂದು ಪದರ ಬಳಿಯುತ್ತಾರೆ. ಇದು ಕೊನೆಯಿಲ್ಲದ ಚಕ್ರ.

ಇನ್ನೊಂದು ನಷ್ಟವೂ ಇದೆ. ಪದರದ ಮೇಲೆ ಪದರ ಕೂತಂತೆ ಕೆತ್ತನೆಯ ಸೂಕ್ಷ್ಮತೆ ಮುಳುಗುತ್ತದೆ. ಕಣ್ಣಿನ ರೆಪ್ಪೆ, ಬೆರಳಿನ ಉಗುರು, ಹೂವಿನ ಎಸಳು, ಎಲೆಯ ನರ ಇವೆಲ್ಲ ಮೊಂಡಾಗುತ್ತವೆ. ಶಿಲ್ಪಿ ಕಡೆದುದನ್ನು ನಾವು ನೋಡುತ್ತಿರುವುದಿಲ್ಲ. ಅದರ ಮೇಲಿನ ಹೊದಿಕೆಯನ್ನು ನೋಡುತ್ತಿರುತ್ತೇವೆ.

ಚಿಕಿತ್ಸೆಯ ಕ್ರಮ

ಬೃಹನ್ಮುಂಬಯಿ ಮಹಾನಗರಪಾಲಿಕೆಯು ಕೈಗೊಂಡ ಈ ಕಾರ್ಯದ ಸಂರಕ್ಷಣಾ ವಾಸ್ತುಶಿಲ್ಪಿ ವಿಕಾಸ್ ದಿಲಾವರಿ. 1984ರಲ್ಲಿ ಸ್ಥಾಪನೆಯಾದ ಭಾರತೀಯ ರಾಷ್ಟ್ರೀಯ ಕಲೆ ಮತ್ತು ಸಾಂಸ್ಕೃತಿಕ ಪರಂಪರೆ ನ್ಯಾಸದ (ಇಂಟ್ಯಾಕ್) ಮುಂಬಯಿ ಶಾಖೆಯೂ ಇದರಲ್ಲಿ ಕೈಜೋಡಿಸಿತ್ತು. ಬಣ್ಣದ ಪದರಗಳನ್ನು ತೆಗೆಯುವುದು, ಬಿರುಕುಗಳನ್ನೂ ಹಾನಿಗೊಂಡ ಅಂಗಗಳನ್ನೂ ಸರಿಪಡಿಸುವುದು, ನೀರಿನ ಸೋರಿಕೆಯನ್ನು ತಡೆದು ಹರಿವನ್ನು ಮರಳಿ ತರುವುದು ಇದರ ಮುಖ್ಯ ಅಂಗಗಳಾಗಿದ್ದವು. ಇಂತಹ ಕಾರ್ಯಗಳಲ್ಲಿ ಸಂರಕ್ಷಕರು ಸಾಮಾನ್ಯವಾಗಿ ಅನುಸರಿಸುವ ಕ್ರಮವನ್ನು ಸಂಕ್ಷೇಪವಾಗಿ ಹೀಗೆ ಹೇಳಬಹುದು.

ದಾಖಲೆ: ಉಳಿ ಮುಟ್ಟುವುದಕ್ಕೆ ಮುನ್ನ ಕ್ಯಾಮರಾ ಮತ್ತು ಅಳತೆಪಟ್ಟಿ ಮುಟ್ಟಬೇಕು. ಪ್ರತಿಯೊಂದು ಕಲ್ಲಿಗೂ ಸಂಖ್ಯೆ ಕೊಟ್ಟು, ಬಿರುಕು, ಸವೆತ, ಹಳೆಯ ತೇಪೆ ಇವುಗಳನ್ನು ನಕ್ಷೆಯಲ್ಲಿ ಗುರುತಿಸಬೇಕು. ಹಳೆಯ ಛಾಯಾಚಿತ್ರಗಳನ್ನು ಹುಡುಕಬೇಕು. ಇಂದು ಕಾಣೆಯಾಗಿರುವ ಬೆರಳೋ ಮೂಗೋ ಮೊದಲು ಹೇಗಿತ್ತೆಂಬುದಕ್ಕೆ ಅವೇ ಸಾಕ್ಷಿ.

ಪರೀಕ್ಷೆ: ಕಲ್ಲು ಯಾವುದು, ಬಣ್ಣ ಯಾವ ಬಗೆಯದು, ಎಷ್ಟು ಪದರಗಳಿವೆ, ಒಳಗೆ ಯಾವ ಲವಣಗಳಿವೆ ಎಂಬುದನ್ನು ಪ್ರಯೋಗಾಲಯದಲ್ಲಿ ತಿಳಿಯಬೇಕು. ಬಳಿಕ ಕಣ್ಣಿಗೆ ಬೀಳದ ಮೂಲೆಯಲ್ಲಿ ಅಂಗೈ ಅಗಲದ ಜಾಗದಲ್ಲಿ ಮಾತ್ರ ಶುಚಿಗೊಳಿಸಿ ನೋಡಬೇಕು.

ಶುಚಿ: ಅತ್ಯಂತ ಮೃದುವಾದ ಕ್ರಮದಿಂದ ಆರಂಭಿಸಿ, ಅದು ಸಾಲದಾದರೆ ಮಾತ್ರ ಮುಂದಿನದಕ್ಕೆ ಹೋಗಬೇಕೆಂಬುದು ಇಲ್ಲಿನ ನಿಯಮ. ಮೊದಲು ಶುದ್ಧ ನೀರು ಮತ್ತು ಮೆದು ಕುಂಚ. ಬಣ್ಣಕ್ಕೆ, ಅದನ್ನು ಮೆದುಗೊಳಿಸುವ ದ್ರಾವಣವನ್ನು ಜೇಡಿಯಲ್ಲೋ ಕಾಗದದ ತಿರುಳಿನಲ್ಲೋ ಕಲಸಿ ಮಾಡಿದ ಲೇಪ. ಈ ಲೇಪವನ್ನು ಹಚ್ಚಿ, ಮುಚ್ಚಿಟ್ಟು, ಬಣ್ಣ ಸಡಿಲಗೊಂಡ ಮೇಲೆ ನಾಜೂಕಾಗಿ ತೆಗೆಯುತ್ತಾರೆ. ಮರಳನ್ನು ರಭಸದಿಂದ ಸಿಡಿಸಿ ಉಜ್ಜುವ ಯಂತ್ರ ಒಂದೇ ದಿನದಲ್ಲಿ ಕೆಲಸ ಮುಗಿಸಬಹುದು, ಆದರೆ ಬಣ್ಣದೊಡನೆ ಶಿಲ್ಪವನ್ನೂ ಮುಗಿಸುತ್ತದೆ. ಆಮ್ಲದ ಬಳಕೆಯಂತೂ ಸುಣ್ಣಕಲ್ಲಿಗೆ ವಿಷವೇ.

ಲವಣ ನಿವಾರಣೆ: ಬಟ್ಟಿಯಿಳಿಸಿದ ನೀರಿನಲ್ಲಿ ನೆನೆಸಿದ ಕಾಗದದ ತಿರುಳನ್ನು ಕಲ್ಲಿಗೆ ಮೆತ್ತಿ ಒಣಗಲು ಬಿಡುತ್ತಾರೆ. ಅದು ಒಣಗುತ್ತಿರುವಂತೆ ಒಳಗಿನ ಉಪ್ಪು ನೀರಿನೊಡನೆ ಹೊರಬಂದು ತಿರುಳನ್ನು ಸೇರುತ್ತದೆ. ಉಪ್ಪಿನಂಶ ಕಡಿಮೆಯಾಗುವವರೆಗೆ ಇದನ್ನು ಮತ್ತೆ ಮತ್ತೆ ಮಾಡಬೇಕು. ಅವಸರಕ್ಕೆ ಇಲ್ಲಿ ಸ್ಥಳವಿಲ್ಲ.

ಬೆಸುಗೆ: ಸಂದುಗಳಲ್ಲಿ ತುಂಬಿದ ಸಿಮೆಂಟನ್ನು ತೆಗೆದು ಸುಣ್ಣದ ಗಾರೆಯನ್ನು ತುಂಬುತ್ತಾರೆ. ಸಿಮೆಂಟು ಕಲ್ಲಿಗಿಂತ ಗಡಸು, ತೇವವನ್ನೂ ಬಿಡದು. ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವಾಗ ಒತ್ತಡವೆಲ್ಲ ಕಲ್ಲಿನ ಅಂಚಿಗೆ ಬಿದ್ದು ಅದು ಚಕ್ಕೆಯೇಳುತ್ತದೆ. ಸುಣ್ಣದ ಗಾರೆ ಕಲ್ಲಿಗಿಂತ ಮೆದು. ಒಡೆಯಬೇಕಾಗಿ ಬಂದರೆ ತಾನು ಒಡೆದು ಕಲ್ಲನ್ನು ಉಳಿಸುತ್ತದೆ. ಗಾರೆಯನ್ನು ಮತ್ತೆ ತುಂಬಬಹುದು, ಶಿಲ್ಪವನ್ನು ಮತ್ತೆ ಕಡೆಯಲಾಗದು. ತುಕ್ಕು ಹಿಡಿದ ಕೊಂಡಿಗಳ ಜಾಗದಲ್ಲಿ ತುಕ್ಕು ಹಿಡಿಯದ ಉಕ್ಕಿನ ಕೊಂಡಿಗಳನ್ನು ಇಡುತ್ತಾರೆ.

ತೇಪೆ: ಪೂರ್ತಿ ಹಾಳಾದ ಭಾಗವನ್ನು ಮಾತ್ರ ಚೊಕ್ಕವಾಗಿ ಕತ್ತರಿಸಿ, ಅದೇ ಜಾತಿಯ ಅಥವಾ ಗುಣದಲ್ಲಿ ಅದನ್ನು ಹೋಲುವ ಕಲ್ಲಿನ ತುಂಡನ್ನು ಕೂಡಿಸುತ್ತಾರೆ. ಸಣ್ಣ ಕುಳಿಗಳಿಗೆ ಕಲ್ಲಿನ ಪುಡಿ ಬೆರೆಸಿದ ಸುಣ್ಣದ ಗಾರೆ ಸಾಕು.

ಎಲ್ಲಿ ನಿಲ್ಲಬೇಕು?

ಮೂರ್ತಿಯ ಕೈಯೊಂದು ಮುರಿದು ಕಳೆದುಹೋಗಿದೆ ಎನ್ನೋಣ. ಹೊಸ ಕೈಯನ್ನು ಕಡೆಯಬೇಕೇ, ಇದ್ದಂತೆ ಬಿಡಬೇಕೇ? ಸಂರಕ್ಷಣೆಯ ಅತಿ ಕಠಿಣ ಪ್ರಶ್ನೆ ಇದು. 1964ರಲ್ಲಿ ರೂಪುಗೊಂಡ ವೆನಿಸ್ ಸನ್ನದು ಇದಕ್ಕೆ ಒಂದು ಎಲ್ಲೆಯನ್ನು ಹಾಕಿಕೊಟ್ಟಿದೆ. ಎಲ್ಲಿ ಊಹೆ ಆರಂಭವಾಗುತ್ತದೆಯೋ ಅಲ್ಲಿ ಜೀರ್ಣೋದ್ಧಾರ ನಿಲ್ಲಬೇಕು. ಹೊಸದಾಗಿ ಸೇರಿಸಿದ ಭಾಗವು ಒಟ್ಟಂದಕ್ಕೆ ಹೊಂದಬೇಕು, ಆದರೆ ಹಳೆಯದೆಂದು ನೋಡುಗರನ್ನು ನಂಬಿಸಬಾರದು ಎಂಬುದು ಅದರ ತಾತ್ಪರ್ಯ.

ನಮ್ಮ ದೇಶದ ಪರಂಪರೆಯಲ್ಲಿ ಭಗ್ನಮೂರ್ತಿ ಪೂಜೆಗೆ ಅರ್ಹವಲ್ಲ. ಅಲ್ಲದೆ ಶಿಲ್ಪಿಗಳ ವಂಶಗಳು ಇಂದಿಗೂ ಜೀವಂತವಾಗಿವೆ. ಇದನ್ನು ಮನಗಂಡ ಇಂಟ್ಯಾಕ್ ಸಂಸ್ಥೆ 2004ರಲ್ಲಿ ಹೊರತಂದ ತನ್ನ ಸನ್ನದಿನಲ್ಲಿ, ಪಾರಂಪರಿಕ ಕುಶಲಕರ್ಮಿಗಳ ಕೈಯಿಂದ ನಡೆಯುವ ನವೀಕರಣಕ್ಕೂ ಮಾನ್ಯತೆ ನೀಡಿತು. ಎರಡು ದೃಷ್ಟಿಗಳೂ ಒಪ್ಪುವ ಮಾತು ಒಂದಿದೆ: ಆಧಾರವಿಲ್ಲದೆ ಕೈಯಿಡಬಾರದು. ಹಳೆಯ ಚಿತ್ರವಿದ್ದರೆ, ಜೋಡಿ ಮೂರ್ತಿಯಲ್ಲಿ ಅದೇ ಅಂಗ ಉಳಿದಿದ್ದರೆ, ಅದನ್ನು ನೋಡಿ ಕಡೆಯಬಹುದು. ಇಲ್ಲವಾದರೆ ಮುರಿದ ಕೈ ಮುರಿದಂತೆಯೇ ಇರಲಿ. ಅದೂ ಚರಿತ್ರೆಯ ಒಂದು ಸಾಲು.

ನೆಲದಡಿಯ ಹಳಿಗಳು

ಚರಿತ್ರೆಯ ಇಂತಹ ಇನ್ನೊಂದು ಸಾಲು 2018ರಲ್ಲಿ ಅನಿರೀಕ್ಷಿತವಾಗಿ ದೊರೆಯಿತು. ಕಾರಂಜಿಯ ಸುತ್ತಲಿನ ನೆಲವನ್ನು ಅಗೆಯುತ್ತಿದ್ದಾಗ ಡಾಂಬರಿನ ಅಡಿಯಲ್ಲಿ ಹಳೆಯ ಟ್ರಾಮಿನ ಹಳಿಗಳು ಕಂಡುಬಂದವು. ಮುಂಬಯಿಯಲ್ಲಿ ಕುದುರೆ ಎಳೆಯುವ ಟ್ರಾಮು 1874ರಲ್ಲಿಯೂ, ವಿದ್ಯುತ್ ಟ್ರಾಮು 1907ರಲ್ಲಿಯೂ ಆರಂಭವಾಗಿ, 1964ರ ಮಾರ್ಚ್ 31ರಂದು ಕೊನೆಗೊಂಡಿತ್ತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಗರವು ತಾನು ಮರೆತುದರ ಮೇಲೆಯೇ ವಾಹನ ಓಡಿಸುತ್ತಿತ್ತು.

ಸ್ಮಾರಕವೆಂದರೆ ಎದ್ದು ನಿಂತ ಕಲ್ಲು ಮಾತ್ರವಲ್ಲ, ಅದರ ಪರಿಸರವೂ ಸ್ಮಾರಕದ ಭಾಗ ಎಂಬುದನ್ನು ಈ ಹಳಿಗಳು ನೆನಪಿಸಿದವು. ವಾಹನಗಳ ನಡುವಣ ದ್ವೀಪದಂತೆ ದೂರವಾಗಿದ್ದ ಕಾರಂಜಿಯ ಸುತ್ತ ಜನರು ನಡೆದಾಡುವ ಅಂಗಳವನ್ನು ರೂಪಿಸಿದುದು ಈ ಕಾರ್ಯದ ಮಹತ್ವದ ಅಂಶ. ನೋಡಲು ಹತ್ತಿರ ಹೋಗಲಾರದ ಶಿಲ್ಪವನ್ನು ಯಾರು ತಾನೇ ತಮ್ಮದೆಂದುಕೊಳ್ಳುವರು?

ನೀರಿನ ಮರುಪ್ರವೇಶ

ಕಲ್ಲು ಗುಣವಾದರೂ ನೀರು ಹರಿಯದಿದ್ದರೆ ಕಾರಂಜಿಯ ಕೆಲಸ ಅರ್ಧವೇ. ನೀರನ್ನು ಮರಳಿ ತರುವುದು ಶಿಲ್ಪಿಯ ವಿದ್ಯೆಯಲ್ಲ, ಯಂತ್ರಜ್ಞರ ವಿದ್ಯೆ. ಶಿಲ್ಪದ ಮೈಗೆ ರಂಧ್ರ ಕೊರೆಯದೆ ಹಳೆಯ ಮಾರ್ಗಗಳಲ್ಲಿಯೇ ಹೊಸ ಕೊಳವೆಗಳನ್ನು ಇಳಿಸಬೇಕು. ತೊಟ್ಟಿ ಸೋರದಂತೆ ಮಾಡಬೇಕು. ಒಂದೇ ನೀರು ಶೋಧನೆಗೊಂಡು ಮತ್ತೆ ಮತ್ತೆ ಸುತ್ತುವ ವ್ಯವಸ್ಥೆಯಿರಬೇಕು. ಪಂಪಿನ ಒತ್ತಡ ಹೆಚ್ಚಾದರೆ ನೀರು ಗಾಳಿಗೆ ಸಿಡಿದು ಬೀಳಬಾರದ ಕಡೆ ಬೀಳುತ್ತದೆ, ಕಡಿಮೆಯಾದರೆ ಅಂತಸ್ತುಗಳಿಂದ ಸಮನಾಗಿ ಇಳಿಯದು. ಇವೆಲ್ಲ ಹೊಂದಿಕೊಂಡ ಬಳಿಕ 2019ರ ಜನವರಿಯಲ್ಲಿ ಫ್ಲೋರಾಳ ಪಾದದಿಂದ ಮತ್ತೆ ನೀರು ಇಳಿಯಿತು. ಅದೇ ವರ್ಷ ಯುನೆಸ್ಕೋದ ಏಷ್ಯಾ ಪೆಸಿಫಿಕ್ ಪರಂಪರೆ ಸಂರಕ್ಷಣಾ ಪ್ರಶಸ್ತಿಗಳಲ್ಲಿ ಈ ಕಾರ್ಯಕ್ಕೆ ಗೌರವ ಉಲ್ಲೇಖ ಲಭಿಸಿತು.

ಇದೊಂದು ಒಂಟಿ ಉದಾಹರಣೆಯಲ್ಲ. ರೀಗಲ್ ಚಿತ್ರಮಂದಿರದೆದುರಿನ ವೆಲಿಂಗ್ಟನ್ ಕಾರಂಜಿಗೆ 2017ರಲ್ಲಿ ಇದೇ ಯುನೆಸ್ಕೋ ಗೌರವ ಉಲ್ಲೇಖ ಸಂದಿತ್ತು. ಕೋಟೆ ಪ್ರದೇಶದಲ್ಲಿಯೇ ಇರುವ ಮುಲ್ಜಿ ಜೇಠಾ ಕಾರಂಜಿಯೂ ಜೀರ್ಣೋದ್ಧಾರಗೊಂಡಿದೆ. ಬಾಲ್ಯದಲ್ಲಿಯೇ ತೀರಿಹೋದ ಮಗನ ನೆನಪಿಗಾಗಿ ವ್ಯಾಪಾರಿ ತಂದೆಯೊಬ್ಬರು ಕಟ್ಟಿಸಿದ ಕಾರಂಜಿ ಅದು. 1995ರಲ್ಲಿ ಮುಂಬಯಿಯಲ್ಲಿ ಜಾರಿಗೆ ಬಂದ ಪರಂಪರೆ ನಿಯಮಾವಳಿಯು ಇಂತಹ ಕಟ್ಟಡಗಳನ್ನು ಶ್ರೇಣಿಗಳಾಗಿ ಪಟ್ಟಿಮಾಡಿದುದು ಈ ಎಲ್ಲಕ್ಕೂ ಬುನಾದಿಯಾಯಿತು. ಆ ಪಟ್ಟಿಯಲ್ಲಿ ಫ್ಲೋರಾ ಕಾರಂಜಿಯದು ಮೊದಲನೆಯ ಶ್ರೇಣಿ.

ಜೀರ್ಣೋದ್ಧಾರದ ಮರುದಿನ

ಉದ್ಘಾಟನೆಯ ದಿನ ದೀಪಗಳು ಬೆಳಗುತ್ತವೆ, ಗಣ್ಯರು ಬರುತ್ತಾರೆ. ಆದರೆ ಕಲ್ಲಿನ ಭವಿಷ್ಯ ನಿರ್ಧಾರವಾಗುವುದು ಮರುದಿನದಿಂದ. ಶೋಧಕವನ್ನು ತೊಳೆಯುವವರು ಯಾರು? ಮಳೆಗಾಲಕ್ಕೆ ಮುನ್ನ ಸಂದುಗಳನ್ನು ನೋಡುವವರು ಯಾರು? ಮೊಳಕೆಯೊಡೆದ ಅರಳಿಯನ್ನು ಎರಡೆಲೆಯಿರುವಾಗಲೇ ಕೀಳುವವರು ಯಾರು? ಈ ಚಿಕ್ಕ ಕೆಲಸಗಳು ತಪ್ಪಿದರೆ ದೊಡ್ಡ ವೆಚ್ಚದ ಕಾರ್ಯವೂ ಕೆಲವೇ ವರ್ಷಗಳಲ್ಲಿ ಮಣ್ಣುಪಾಲಾದೀತು. ವರ್ಷಕ್ಕೊಮ್ಮೆಯ ತಪಾಸಣೆ ಮತ್ತು ನಿತ್ಯದ ನಿಗಾ, ಇವು ಶತಮಾನಕ್ಕೊಮ್ಮೆಯ ಜೀರ್ಣೋದ್ಧಾರಕ್ಕಿಂತ ಅಗ್ಗ, ಹೆಚ್ಚು ಫಲಕಾರಿ.

ನಮ್ಮ ಊರಿನ ಕಲ್ಲುಗಳಿಗೆ

ಕೊನೆಯದಾಗಿ, ಪೀಠಿಕೆಯಲ್ಲಿ ಸೂಚಿಸಿದ ಮಾತಿಗೆ ಬರೋಣ. ಕರಾವಳಿ, ಮಲೆನಾಡು, ಬಯಲುಸೀಮೆಗಳಿಂದ ಬಂದ ಹೊರನಾಡ ಕನ್ನಡಿಗರು ತಮ್ಮ ಊರಿನ ದೇವಸ್ಥಾನಗಳನ್ನು ಮರೆತವರಲ್ಲ. ಜೀರ್ಣೋದ್ಧಾರವೆಂದರೆ ಮುಂಬಯಿ ಸಮಿತಿಯೊಂದು ಹುಟ್ಟಿಕೊಳ್ಳುತ್ತದೆ, ರಸೀದಿ ಪುಸ್ತಕಗಳು ಮನೆಮನೆಗೆ ಬರುತ್ತವೆ. ಈ ಭಕ್ತಿ ಶ್ಲಾಘನೀಯ. ಆದರೆ ಸಂಗ್ರಹವಾದ ಹಣದಿಂದ ಆಗುವುದೇನು ಎಂಬುದನ್ನೂ ಗಮನಿಸಬೇಕು. ಹಳೆಯ ಕಲ್ಲಿನ ಕಂಬಗಳಿಗೆ ಥಳಥಳಿಸುವ ಎಣ್ಣೆಬಣ್ಣ, ಸಂದುಗಳಿಗೆ ಸಿಮೆಂಟು, ಮೈತೊಳೆಯಲು ಆಮ್ಲ ಅಥವಾ ಮರಳು ಸಿಡಿಸುವ ಯಂತ್ರ, ನೆಲಕ್ಕೆ ನುಣುಪಾದ ಹೆಂಚು. ಇವೆಲ್ಲ ಫ್ಲೋರಾ ಕಾರಂಜಿಯಿಂದ ತೆಗೆದುಹಾಕಿದ, ಅಥವಾ ಅದರ ಹತ್ತಿರ ಬರಗೊಡದ ಸಂಗತಿಗಳೇ.

ಹೊಯ್ಸಳ ಶಿಲ್ಪಗಳ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಒಡ್ಡಿಕೊಂಡಂತೆ ಗಡಸಾಗುತ್ತದೆ. ಹೀಗೆ ಗಡಸಾದ ಮೇಲ್ಪದರವೇ ಅದರ ಕವಚ. ಮರಳು ಸಿಡಿಸಿದರೆ ಆ ಕವಚವೇ ಹೋಗುತ್ತದೆ. ಗ್ರಾನೈಟು ಬಲು ಗಟ್ಟಿಯೆಂಬುದು ನಿಜ. ಆದರೆ ಅದರ ಮೇಲಿನ ಶಾಸನಾಕ್ಷರಗಳು ಬಣ್ಣ ತುಂಬಿದರೆ ಓದಲಾಗದಂತಾಗುತ್ತವೆ, ಉಜ್ಜಿದರೆ ಅಳಿದೇ ಹೋಗುತ್ತವೆ. ಕನ್ನಡದ ಒಂದು ಶಾಸನ ಅಳಿದರೆ ಚರಿತ್ರೆಯ ಪುಟವೊಂದು ಹರಿದಂತೆ.

ಆದುದರಿಂದ ಜೀರ್ಣೋದ್ಧಾರಕ್ಕೆ ಕಾಣಿಕೆ ನೀಡುವ ಮುನ್ನ ಕೆಲವು ಪ್ರಶ್ನೆಗಳನ್ನು ವಿನಯದಿಂದ ಕೇಳುವುದು ದಾನಿಗಳ ಹಕ್ಕು ಮಾತ್ರವಲ್ಲ, ಕರ್ತವ್ಯವೂ ಹೌದು. ಹಳೆಯ ಕಟ್ಟಡದ ಚಿತ್ರ ಮತ್ತು ಅಳತೆಗಳನ್ನು ದಾಖಲಿಸಲಾಗಿದೆಯೇ? ಶಾಸನಗಳನ್ನು ಬಲ್ಲವರಿಂದ ಓದಿಸಲಾಗಿದೆಯೇ? ಸ್ಮಾರಕವು ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆಯೇ, ಇದ್ದರೆ ಅನುಮತಿ ದೊರೆತಿದೆಯೇ? ಸಂರಕ್ಷಣೆಯನ್ನು ಬಲ್ಲ ವಾಸ್ತುಶಿಲ್ಪಿಯ ಸಲಹೆ ಪಡೆಯಲಾಗಿದೆಯೇ? ಕಲ್ಲಿಗೆ ಬಣ್ಣ ಬಳಿಯುವ ಆಲೋಚನೆಯಿದ್ದರೆ ಅದನ್ನು ಕೈಬಿಡಬಹುದೇ? ಕೆಲಸ ಮುಗಿದ ಬಳಿಕದ ನಿರ್ವಹಣೆಗೆಂದು ಒಂದು ಪಾಲು ಹಣವನ್ನು ತೆಗೆದಿರಿಸಲಾಗಿದೆಯೇ?

‘ಜೀರ್ಣೋದ್ಧಾರ’ ಎಂಬ ಮಾತಿನಲ್ಲಿಯೇ ಜೀರ್ಣವಾದುದನ್ನು ಉದ್ಧರಿಸುವ, ಅಂದರೆ ಎತ್ತಿ ಹಿಡಿಯುವ ಅರ್ಥವಿದೆ, ಮುಚ್ಚಿಬಿಡುವ ಅರ್ಥವಿಲ್ಲ. ಮುಂದಿನ ಬಾರಿ ಕೋಟೆ ಪ್ರದೇಶಕ್ಕೆ ಹೋದಾಗ ಬಸ್ಸಿಗಾಗಿ ಕಾಯುವ ಐದು ನಿಮಿಷಗಳಲ್ಲಿ ಆ ಕಾರಂಜಿಯನ್ನೊಮ್ಮೆ ತಲೆಯೆತ್ತಿ ನೋಡಿರಿ, ಮಕ್ಕಳಿಗೂ ತೋರಿಸಿರಿ. ಬಣ್ಣದ ಹಂಗಿಲ್ಲದೆ ಕಲ್ಲಿನ ಮೈಯಲ್ಲಿಯೇ ಅವಳು ಎಷ್ಟು ಚೆಲುವೆ ಎಂಬುದನ್ನು ಕಂಡವರಿಗೆ, ನಮ್ಮ ಊರಿನ ಗುಡಿಯ ಕಂಬಗಳೂ ಹಾಗೆಯೇ ಇರಲಿ ಎಂದೆನಿಸದಿರದು.